ಎರಡು ಬೆರಳಗಲದ ತೊಗಟೆ

ರಿಪ್ಪನ್‌ಪೇಟೆ ಸುತ್ತಮುತ್ತ ಅಪ್ಪೆಮಿಡಿಯ ಗಿಡ ಬೇಕಾದವರು ಕುಂಬರಿಗದ್ದೆಗೆ ಬಂದು "ಕಸಿ ಜಲಜಮ್ಮನ ಮನೆ ಯಾವುದು?" ಎಂದು ಕೇಳುತ್ತಿದ್ದರು. ಬರೀ ಜಲಜಮ್ಮ ಎಂದರೆ ಆ ಊರಲ್ಲಿ ಮೂವರಿದ್ದಾರೆ. ಕಸಿ ಜಲಜಮ್ಮ ಒಬ್ಬಳೇ. ಉಪ್ಪಿನಕಾಯಿಗೆ ಹಾಕುವ ಕಾಡುಮಾವಿನ ಎಳೆಗಾಯಿಯೇ ಅಪ್ಪೆಮಿಡಿ. ಒಂದೊಂದು ಮರದ ಮಿಡಿಗೆ ಒಂದೊಂದು ವಾಸನೆ. ವಾಟೆ, ಅಂದರೆ ಒಳಗಿನ ಬೀಜ, ನೆಟ್ಟರೆ ಅದೇ ವಾಸನೆ ಬರುತ್ತದೆಂಬ ಖಾತ್ರಿಯಿಲ್ಲ. ಹಾಗಾಗಿ ಒಳ್ಳೆಯ ಮರದ ಕಡ್ಡಿ ತಂದು ಬೇರೆ ಗಿಡಕ್ಕೆ ಕಸಿ ಕಟ್ಟಬೇಕು. ಜಲಜಮ್ಮ ನೂರು ಕಟ್ಟಿದರೆ ತೊಂಬತ್ತು ಚಿಗುರುತ್ತಿದ್ದವು. ಬೇರೆಯವರದ್ದು ಅರವತ್ತು ದಾಟುತ್ತಿರಲಿಲ್ಲ.

ಅವಳು ಹುಟ್ಟಿದ್ದು ಬ್ಯಾಕೋಡಿನ ಕಡೆ, ಓದಿದ್ದು ಏಳನೇ ಕ್ಲಾಸು. ಕುಂಬರಿಗದ್ದೆಯ ಮಾಸ್ತಪ್ಪನನ್ನು ಮದುವೆಯಾಗಿ ಬಂದಾಗ ಮನೆಗೆ ಇದ್ದದ್ದು ಎರಡು ಎಕರೆ ಗದ್ದೆ. ಮಾವನ ಕಾಲದಲ್ಲಿ ಗೇಣಿಯಾಗಿದ್ದು ಆಮೇಲೆ ಸ್ವಂತಕ್ಕೆ ಬಂದದ್ದು. ಅವಳಿಗೆ ಇಪ್ಪತ್ತಾರು ವಯಸ್ಸಾಗಿದ್ದಾಗ ತೋಟಗಾರಿಕೆ ಇಲಾಖೆಯವರು ಹೆಂಗಸರಿಗೆಂದು ಮೂರು ದಿನದ ತರಬೇತಿ ಇಟ್ಟಿದ್ದರು. ಊಟ ಕೊಡುತ್ತಾರಂತೆ ಎಂದು ಹನ್ನೆರಡು ಜನ ಹೋದರು, ಅವರಲ್ಲಿ ಇವಳೂ ಒಬ್ಬಳು. ಕಲಿಸಲು ಬಂದಿದ್ದ ವಯಸ್ಸಾದ ಮೇಷ್ಟ್ರು ಮೊದಲ ದಿನ ಕತ್ತಿಯನ್ನೇ ಮುಟ್ಟಿಸಲಿಲ್ಲ. ಬಿಳಿ ಗೌರಿಹೂವಿನ ಗಿಡವೊಂದನ್ನು ಕೊಯ್ದು ಕೆಂಪು ಶಾಯಿ ಬೆರೆಸಿದ ನೀರಿನ ಲೋಟದಲ್ಲಿ ನಿಲ್ಲಿಸಿದರು. ಊಟ ಮುಗಿಸಿ ಬರುವಷ್ಟರಲ್ಲಿ ಗಾಜಿನಂಥ ಆ ದಂಟಿನೊಳಗೆ ಕೆಂಪು ಗೆರೆಗಳು ಏರಿದ್ದವು. ಸಂಜೆಗೆ ಹೂವಿನ ಎಸಳಿನಲ್ಲೂ ಕೆಂಪು ನರ ಕಾಣಿಸಿತು.

"ಯಾರೂ ಕೆಳಗಿಂದ ದೂಡಲಿಲ್ಲ, ನೋಡಿ" ಎಂದಿದ್ದರು ಮೇಷ್ಟ್ರು. "ಎಲೆ ಬಿಸಿಲಿಗೆ ನೀರು ಬಿಡ್ತದೆ. ಬಿಟ್ಟಷ್ಟನ್ನು ಕೆಳಗಿಂದ ಎಳ್ಕೊಳ್ತದೆ. ಅದು ಹತ್ತೋ ದಾರಿ ಮರದ ಒಳಗಿನ ಕಟ್ಟಿಗೆಯಲ್ಲಿ. ಎಲೆ ಮಾಡಿದ ಊಟ ಮಾತ್ರ ತೊಗಟೆಯೊಳಗೆ ಇಳೀತದೆ, ಬೇರಿಗೆ. ಹತ್ತೋ ದಾರಿ ಬೇರೆ, ಇಳಿಯೋ ದಾರಿ ಬೇರೆ. ಕಸಿ ಅಂದ್ರೆ ಈ ಎರಡು ದಾರಿನೂ ಸರಿಯಾಗಿ ಕೂಡ್ಸೋದು, ಅಷ್ಟೆ."

ಉಳಿದ ಹೆಂಗಸರು ಆ ಮಾತನ್ನು ಅಲ್ಲೇ ಬಿಟ್ಟು ಬಂದರು. ಜಲಜಮ್ಮ ಬಿಡಲಿಲ್ಲ. ಕಡ್ಡಿ ಕೊಯ್ಯುವ ಎಂಟು ದಿನ ಮೊದಲೇ ಅದರ ಎಲೆಗಳನ್ನು ಏಕೆ ಕತ್ತರಿಸಬೇಕು, ಕಟ್ಟಿದ ಮೇಲೆ ತುದಿಗೆ ಪ್ಲಾಸ್ಟಿಕ್ ಕೊಟ್ಟೆ ಏಕೆ ಹೊದಿಸಬೇಕು ಎಂದು ಅವಳಿಗೆ ಯಾರೂ ಎರಡನೇ ಸಲ ಹೇಳಬೇಕಾಗಲಿಲ್ಲ. ಎಲೆ ಇದ್ದರೆ ಅದು ನೀರು ಎಳೆಯುತ್ತದೆ. ಬೇರಿಲ್ಲದ ಕಡ್ಡಿ ಎಲ್ಲಿಂದ ಕೊಡಬೇಕು? ಒಣಗುತ್ತದೆ. ಮೂರೇ ವರ್ಷದಲ್ಲಿ ಮನೆಯ ಹಿಂದೆ, ಕಸಿಗಿಡ ಬೆಳೆಸಿ ಮಾರಲು, ಹಸಿರು ಬಲೆಯ ಚಪ್ಪರ ಬಂತು. ಮಗಳು ಸುಷ್ಮಾ ಸಾಗರದಲ್ಲಿ ನರ್ಸಿಂಗ್ ಓದಿದ್ದು ಆ ಚಪ್ಪರದ ನೆರಳಿನಿಂದಲೇ.

ಅವಳಿಗೆ ಹೆಸರು ತಂದ ಮರ ಮಾತ್ರ ಅವಳದ್ದಲ್ಲ. ಊರಾಚೆ ಹೊಳೆಯ ದಂಡೆಯಲ್ಲಿ ಅದೇ ಊರಿನ ವರದಮ್ಮನ ಮನೆಯವರ ಜಾಗದಲ್ಲಿ ಒಂದು ಮುದಿ ಅಪ್ಪೆಮರ. ಇಬ್ಬರು ಕೈ ಚಾಚಿ ತಬ್ಬಿದರೆ ಬೆರಳು ಮುಟ್ಟದಷ್ಟು ದಪ್ಪ. ಅದರ ಮಿಡಿ ಮುರಿದರೆ ಜೀರಿಗೆಯ ವಾಸನೆ. ವರದಮ್ಮ ಆ ಮಿಡಿಯ ಉಪ್ಪಿನಕಾಯಿಯನ್ನು ಭರಣಿಗಟ್ಟಲೆ ಹಾಕಿ ಶಿವಮೊಗ್ಗದವರೆಗೆ ಕಳಿಸುತ್ತಿದ್ದಳು. ಮಳೆಗಾಲದ ಆರಂಭದಲ್ಲಿ ಜಲಜಮ್ಮ ಹೋಗಿ ಕಸಿಗೆ ಕಡ್ಡಿ ಕೇಳುತ್ತಿದ್ದಳು, "ಕೊಯ್ಕೋ ಹೋಗು" ಎನ್ನುತ್ತಿದ್ದಳು ವರದಮ್ಮ. ಹದಿನೆಂಟು ವರ್ಷ ಹೀಗೇ ನಡೆಯಿತು.

ನಾಲ್ಕು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಹೊಸನಗರದಲ್ಲಿ ಒಂದು ಕೃಷಿ ಮೇಳವಾಯಿತು. ಜಲಜಮ್ಮ ಗಿಡಗಳನ್ನಿಟ್ಟುಕೊಂಡು ಕೂತಿದ್ದಳು. ಎದುರು ಸಾಲಿನಲ್ಲಿ ವರದಮ್ಮನ ಉಪ್ಪಿನಕಾಯಿಯ ಮೇಜು. ಜಲಜಮ್ಮನ ಬೆನ್ನ ಹಿಂದೆ ಒಂದು ಬ್ಯಾನರ್ ಇತ್ತು: 'ಕುಂಬರಿಗದ್ದೆ ಜೀರಿಗೆ ಅಪ್ಪೆ, ಜಲಜಮ್ಮ ನರ್ಸರಿ'. ಬರೆಸಿದ್ದು ಸುಷ್ಮಾ. ಯಾರೋ ದೊಡ್ಡವರು ಬಂದು, "ಇದರ ಮೂಲ ಮರ ಎಲ್ಲಿದೆಯಮ್ಮ?" ಎಂದು ಕೇಳಿದರು.

"ನಮ್ಮೂರಲ್ಲೇ, ಹೊಳೆ ದಂಡೆಯಲ್ಲಿ" ಎಂದಳು ಜಲಜಮ್ಮ.

ವರದಮ್ಮ ಎದುರಿನಿಂದ ಎದ್ದು ಬಂದಳು. "ಊರಿನದ್ದಲ್ಲ ಜಲಜಾ, ನಮ್ಮನೆದು. ಹೇಳೋದಾದ್ರೆ ಸರಿಯಾಗಿ ಹೇಳು. ಕೇಳಿ ಕೇಳಿ ಕಡ್ಡಿ ತಗೊಂಡು ಹೋಗ್ತಿದ್ದವಳು ಈಗ ಬ್ಯಾನರ್ ಕಟ್ಕೊಂಡು ಕೂತಿದೀಯಲ್ಲ. ಇನ್ಮೇಲೆ ಆ ಮರಕ್ಕೆ ನೀನು ಕತ್ತಿ ತಾಗಿಸೋದು ಬೇಡ." ಪಕ್ಕದಲ್ಲಿದ್ದ ತನ್ನ ನಾದಿನಿ ರಂಜನಾಳ ಕಡೆ ತಿರುಗಿ ಮನೆಮಾತಿನಲ್ಲಿ, "ಎಂಗಳ ಮರ ಇಲ್ದೇ ಹೋಗಿದ್ರೆ ಇವ್ಳ ನರ್ಸರಿ ಎಲ್ಲಿರ್ತಿತ್ತು ಕೇಳು" ಎಂದಳು. ಆ ಮಾತು ಸುತ್ತಲಿದ್ದವರಿಗೆಲ್ಲ ಅರ್ಥವಾಯಿತು. ಕೆಲವರು ನಕ್ಕರು.

ಜಲಜಮ್ಮ ಬ್ಯಾನರ್ ಬಿಚ್ಚಿ ಮಡಚಿಟ್ಟಳು. ಗಿಡ ಮಾರಿ ಮುಗಿಯುವವರೆಗೂ ಕೂತಳು. ಆದರೆ ಆ ನಗು ಅವಳ ಕಿವಿಯಿಂದ ಹೋಗಲಿಲ್ಲ. ಹದಿನೈದು ದಿನ ಗಂಡನ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ವರದಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಎಂಬುದೇ ಅವಳಿಗೆ ಹೆಚ್ಚು ಚುಚ್ಚಿದ್ದು. ಆ ದೊಡ್ಡವರಿಗೆ "ವರದಮ್ಮೋರ ಮರ" ಎಂದು ಹೇಳಬಹುದಿತ್ತು. ಹೇಳಬಾರದೆಂದೇ ಹೇಳಿರಲಿಲ್ಲ.

ಕಾರ್ತಿಕದಲ್ಲಿ ವರದಮ್ಮನ ಮನೆಯವರೆಲ್ಲ ಮದುವೆಗೆಂದು ತೀರ್ಥಹಳ್ಳಿಗೆ ಹೋದರು. ಅಂದು ಮಧ್ಯಾಹ್ನ ಜಲಜಮ್ಮ ಸೊಪ್ಪಿಗೆ ಹೋಗುವವಳಂತೆ ಕುಡುಗೋಲು ಹಿಡಿದು ಹೊಳೆಯ ಕಡೆ ನಡೆದಳು. ಸೊಂಟದಲ್ಲಿ ಕಸಿಯ ಚಾಕು ಇತ್ತು.

ಮರ ಕಡಿಯುವ ಯೋಚನೆ ಅವಳಿಗೆ ಬರಲೇ ಇಲ್ಲ. ಕಡಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅವಳಿಗೆ ಗೊತ್ತಿದ್ದದ್ದು ಬೇರೆ ಉಪಾಯ, ಮತ್ತು ಅದು ಗೊತ್ತಿದ್ದದ್ದು ಆ ಊರಲ್ಲಿ ಅವಳೊಬ್ಬಳಿಗೇ. ಬುಡದ ತರಗೆಲೆ, ಮಣ್ಣು ಸರಿಸಿ, ನೆಲದ ಮಟ್ಟಕ್ಕಿಂತ ಕೆಳಗೆ, ಮರದ ಸುತ್ತ ನಾಲ್ಕು ಬೆರಳಗಲ ತೊಗಟೆಯನ್ನು ಉಂಗುರದಂತೆ ಸುಲಿದಳು. ಒಳಗಿನ ಕಟ್ಟಿಗೆಗೆ ಕತ್ತಿ ತಾಗಿಸಲಿಲ್ಲ. ನೀರು ಹತ್ತುತ್ತಲೇ ಇರುತ್ತದೆ, ಎಲೆ ಹಸಿರಾಗಿಯೇ ಇರುತ್ತದೆ. ಇಳಿಯುವ ಊಟ ಮಾತ್ರ ಆ ಉಂಗುರದ ಹತ್ತಿರ ನಿಲ್ಲುತ್ತದೆ. ಬೇರು ತನ್ನಲ್ಲಿ ಕೂಡಿಟ್ಟದ್ದನ್ನು ತಿಂದುಕೊಂಡು ವರ್ಷವೋ ಎರಡು ವರ್ಷವೋ ಮರಕ್ಕೆ ನೀರು ಕಳಿಸುತ್ತದೆ, ಆಮೇಲೆ ಸಾಯುತ್ತದೆ. ಅಷ್ಟು ಹೊತ್ತಿಗೆ ಯಾರು, ಯಾವಾಗ ಎಂದು ಯಾರಿಗೆ ನೆನಪಿರುತ್ತದೆ?

ಒಂದೂವರೆ ತಾಸು ಬೇಕಾಯಿತು. ಮಾವಿನ ಸೊನೆ ಬಲಗೈ ಮಣಿಕಟ್ಟಿಗೆ ತಾಗಿ ಉರಿಯಿತು. ಮಣ್ಣು ಮುಚ್ಚಿ, ತರಗೆಲೆ ಹರಡಿ, ಹೊಳೆಯಲ್ಲಿ ಕೈ ತೊಳೆದು ಬಂದಳು. ರಾತ್ರಿ ಊಟಕ್ಕೆ ಬಡಿಸುವಾಗ ಮಾಸ್ತಪ್ಪ ಕೇಳಿದ, "ಕೈಗೆ ಏನಾತು? ಸುಟ್ಟಂಗೆ ಆಗೈತಲ್ಲ."

"ಕಡ್ಡಿ ಕೊಯ್ವಾಗ ಸೊನೆ ಸಿಡೀತು."

ಕಾರ್ತಿಕದಲ್ಲಿ ಯಾರೂ ಕಡ್ಡಿ ಕೊಯ್ಯುವುದಿಲ್ಲ. ಮಾಸ್ತಪ್ಪನಿಗೂ ಅದು ಗೊತ್ತಿತ್ತು. ಅವನು ಮತ್ತೆ ಕೇಳಲಿಲ್ಲ.

ಎರಡು ತಿಂಗಳಲ್ಲಿ ಮರ ಹೂ ಬಿಟ್ಟಿತು. ಎಂದೂ ಬಿಡದಷ್ಟು ಬಿಟ್ಟಿತು. ಎಲೆ ಕಾಣದ ಹಾಗೆ ಗೊಂಚಲು. ನೋಡಿದವರೆಲ್ಲ ನಿಂತು ನೋಡಿ ಹೋಗುತ್ತಿದ್ದರು. ಜಲಜಮ್ಮನಿಗೆ ಮಾತ್ರ ಕಾರಣ ಗೊತ್ತಿತ್ತು. ಬೇರಿಗೆ ಇಳಿಯಲಾಗದ ಊಟವೆಲ್ಲ ಮೇಲೇ ಉಳಿದು ಹೂವಾಗಿತ್ತು, ಆಮೇಲೆ ಮಿಡಿಯಾಯಿತು. ಬೇರು ಉಪವಾಸ ಬಿದ್ದಿತ್ತು, ಮೇಲೆ ಜಾತ್ರೆ.

ಆ ಮರ ಹತ್ತಿ ಮಿಡಿ ಕೊಯ್ಯುತ್ತಿದ್ದವನು ಕನ್ನಪ್ಪ, ಮಾಸ್ತಪ್ಪನ ಚಿಕ್ಕಪ್ಪನ ಮಗ. ಜಲಜಮ್ಮನನ್ನು ಅತ್ಗೆ ಎಂದು ಕರೆಯುವವನು. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಕಾಯಿ ಕೆಡುತ್ತದೆ. ಕನ್ನಪ್ಪ ಒಂದೊಂದು ಗೊಂಚಲನ್ನೂ ತೊಟ್ಟು ಸಮೇತ ಕೊಯ್ದು ಬಲೆಚೀಲದಲ್ಲಿ ಹಗ್ಗ ಕಟ್ಟಿ ಇಳಿಸುತ್ತಿದ್ದ. ಆ ವರ್ಷ ಅವನು ಆರು ದಿನ ಹತ್ತಿಳಿದ. ಏಳನೇ ದಿನ ಉಪ್ಪಿನಕಾಯಿಯ ಒಂದು ಗಾಜಿನ ಜಾಡಿ ಹಿಡಿದುಕೊಂಡು ಜಲಜಮ್ಮನ ಮನೆಗೆ ಬಂದ.

"ವರದಮ್ಮೋರು ಕೊಟ್ರು ಅತ್ಗೆ. ಮೇಳದಲ್ಲಿ ಸಿಟ್ಟಿಗೆ ಏನೋ ಅಂದುಬಿಟ್ಟೆ, ಮನಸಲ್ಲಿ ಇಟ್ಕಬ್ಯಾಡ ಅಂತ ಹೇಳು ಅಂದ್ರು. ಮಳೆ ಹಿಡಿದ್ಮೇಲೆ ಕಡ್ಡಿ ಕೊಯ್ಕಂಡು ಹೋಗಬೇಕಂತೆ."

ಜಲಜಮ್ಮ ಜಾಡಿ ಇಸಿದುಕೊಂಡಳು. ಅವನು ಹೋದ ಮೇಲೆ ಅಡುಗೆಮನೆಯಲ್ಲಿ ಅದನ್ನು ಹಿಡಿದುಕೊಂಡೇ ನಿಂತಳು. ಆಮೇಲೆ ಅದನ್ನು ತಿಂದದ್ದು ಮಾಸ್ತಪ್ಪ. ಅವಳು ಅದರ ಮುಚ್ಚಳ ಕೂಡ ತೆಗೆಯಲಿಲ್ಲ.

ಮುಂದೆ ಪರಿಚಯವಾದ ಮೇಲೆ ಅವಳು ನನಗೆ ಇದನ್ನೆಲ್ಲ ಹೇಳುವಾಗ, ಕೆಟ್ಟದ್ದು ಮಾಡಿದ ಮಧ್ಯಾಹ್ನಕ್ಕಿಂತ ಈ ಜಾಡಿ ಬಂದ ದಿನದ ಬಗ್ಗೆಯೇ ಹೆಚ್ಚು ಹೊತ್ತು ಮಾತಾಡಿದಳು. ಏಕೆಂದರೆ ಅಂದು ಮರವನ್ನು ಉಳಿಸಬಹುದಿತ್ತು. ನಾಲ್ಕು ತಿಂಗಳಷ್ಟೇ ಆಗಿತ್ತು, ಬೇರಿನಲ್ಲಿ ಇನ್ನೂ ಶಕ್ತಿಯಿತ್ತು. ಗಾಯದ ಮೇಲಿನ ತೊಗಟೆಗೂ ಕೆಳಗಿನ ತೊಗಟೆಗೂ ಕಡ್ಡಿಗಳನ್ನು ಸೇತುವೆಯಂತೆ ಕಸಿ ಕಟ್ಟಿದರೆ ಆ ಕಡ್ಡಿಗಳೊಳಗಿನಿಂದ ಊಟ ಇಳಿಯುತ್ತದೆ. ಮಾಡಲು ಬರುತ್ತಿದ್ದವಳೂ ಅವಳೇ. ಆದರೆ ಮಣ್ಣು ಸರಿಸಿದರೆ ಸುಲಿದದ್ದು ಕಾಣುತ್ತದೆ. ಕಂಡರೆ ಚಾಕುವಿನ ಗುರುತಿನ ಮೇಲೇ ಯಾರೆಂದು ಗೊತ್ತಾಗುತ್ತದೆ. ಅಷ್ಟು ನೆಟ್ಟಗೆ ತೊಗಟೆ ಬಿಡಿಸುವ ಕೈ ಬೇರೆ ಯಾರದ್ದೂ ಇರಲಿಲ್ಲ. ಒಮ್ಮೆ ವರದಮ್ಮನ ಮನೆಯ ಬೇಲಿಬಾಗಿಲಿನ ದಣಪೆಯವರೆಗೆ ಹೋದಳು. ಅಂಗಳದಲ್ಲಿ ವರದಮ್ಮ ಮಿಡಿ ತೊಳೆಯುತ್ತಿದ್ದಳು, ತಲೆಯೆತ್ತಿ "ಬಾ ಜಲಜಾ" ಎಂದಳು. "ಇಲ್ಲೇ ಬಂದಿದ್ದೆ ಅಮ್ಮ, ಆಮೇಲೆ ಬರ್ತೀನಿ" ಎಂದು ತಿರುಗಿ ಬಂದುಬಿಟ್ಟಳು.

ಮಳೆಗಾಲದಲ್ಲಿ ಹೊಳೆ ಉಕ್ಕಿ ಮರದ ಬುಡಕ್ಕೆ ಗೇಣು ಗೋಡುಮಣ್ಣು ತಂದು ಹಾಕಿತು. ಗಾಯ ಇನ್ನೂ ಆಳಕ್ಕೆ ಹೋಯಿತು. ಜಲಜಮ್ಮ ಆ ವರ್ಷ ಜೀರಿಗೆ ಅಪ್ಪೆಯ ಒಂದು ಗಿಡವನ್ನೂ ಕಟ್ಟಲಿಲ್ಲ. ಕೇಳಿದವರಿಗೆ ಕಡ್ಡಿ ಚೆನ್ನಾಗಿಲ್ಲ ಎಂದಳು.

ದೀಪಾವಳಿ ಕಳೆಯುವಾಗ ಎಲೆಗಳ ಬಣ್ಣ ಕೆಟ್ಟಿತು. ಹೊಸ ಎಲೆಗಳು ಬೆರಳಿನಷ್ಟೇ ಆಗಿ ನಿಂತವು. ತುದಿಗಳು ಒಣಗಿದವು. ಆ ಬೇಸಿಗೆಯಲ್ಲಿ ಒಂದು ಹೂವೂ ಇಲ್ಲ. "ನೋಡೇ ರಂಜನಾ, ಎಂತ ಆಯ್ದು ಗೊತ್ತಿಲ್ಲೆ, ಎಲೆ ಎಲ್ಲ ಉದುರ್ತಾ ಇದ್ದು" ಎಂದು ವರದಮ್ಮ ದಿನಕ್ಕೆ ಎರಡು ಸಲ ದಂಡೆಗೆ ಹೋಗಿ ನಿಲ್ಲುತ್ತಿದ್ದಳು. ಅವಳ ಗಂಡ ಶ್ಯಾಮ ಹೆಗಡೆಯವರು ಕಳಿತ ಗೊಬ್ಬರ ಹಾಕಿಸಿದರು, ಔಷಧಿ ಹೊಡೆಸಿದರು. ಏನೂ ತಾಗಲಿಲ್ಲ.

ಆಗ ಯಾರೋ ಕನ್ನಪ್ಪನ ಹೆಸರು ತೆಗೆದರು. ಹಿಂದಿನ ವರ್ಷ ಮಿಡಿ ಕೊಯ್ಯುವಾಗ ಅವನು ಕೊಂಬೆಯಿಂದ ಜಾರಿ, ಹಗ್ಗ ಹಿಡಿದು ಬದುಕಿಕೊಂಡು, ಕೆಳಗಿಳಿದವನೇ "ಈ ಹಾಳು ಮರ ಒಂದಿನ ನನ್ನ ತಿಂತದೆ, ಒಣಗಿ ಹೋದ್ರೆ ಸಾಕು" ಎಂದಿದ್ದನಂತೆ. ಅಷ್ಟು ಸಾಕಾಯಿತು. ಕನ್ನಪ್ಪ ಬುಡಕ್ಕೆ ಆಸಿಡ್ ಹಾಕಿದ್ದಾನೆ ಎಂಬ ಮಾತು ರಿಪ್ಪನ್‌ಪೇಟೆಯ ಹೋಟೆಲುಗಳವರೆಗೆ ಹೋಯಿತು. ಮಿಡಿಯ ಕಾಲ ಬಂತು. ಪ್ರತಿ ವರ್ಷ ಹದಿನೈದು ಮನೆಯವರು ಕರೆಯುತ್ತಿದ್ದವನನ್ನು ಇಬ್ಬರು ಕರೆದರು. ಮರಕ್ಕೆ ವಿಷ ಹಾಕುವವನನ್ನು ಯಾರು ಮರ ಹತ್ತಿಸುತ್ತಾರೆ?

ಒಂದು ಬೆಳಿಗ್ಗೆ ಕನ್ನಪ್ಪ ಜಲಜಮ್ಮನ ಜಗಲಿಯಲ್ಲಿ ಬಂದು ಕೂತ. ಗಡ್ಡ ಬಿಟ್ಟಿದ್ದ. ಕೊಟ್ಟ ಚಹಾ ಕುಡಿಯದೆ ಲೋಟ ಹಿಡಿದುಕೊಂಡೇ ಹೇಳಿದ:

"ಅತ್ಗೆ, ಮರದ ವಿಷ್ಯ ನಿಮಗೆ ಗೊತ್ತಿದ್ದಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ನೀವೊಂದು ಸಲ ಬಂದು ನೋಡಿ. ಆಸಿಡ್ ಅಲ್ಲ ಅಂತ ಒಂದು ಮಾತು ಹೇಳಿ. ನೀವು ಹೇಳಿದ್ರೆ ಅವ್ರು ನಂಬ್ತಾರೆ."

ಜಲಜಮ್ಮ ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅವನ ಜೊತೆ ಎದ್ದು ಹೋದಳು. ವರದಮ್ಮ, ಶ್ಯಾಮ ಹೆಗಡೆಯವರ ಎದುರು ಮರವನ್ನು ಎರಡು ಸುತ್ತು ಸುತ್ತಿದಳು. ಬುಡದ ಕಡೆ ನೋಡದೆ ಮೇಲೆಯೇ ನೋಡುತ್ತ ಸುತ್ತಿದಳು. ಕೊಂಬೆ ಮುರಿದು ಹಳೆಯದೊಂದು ಪೊಟರೆಯಾಗಿತ್ತು. ಅದನ್ನು ತೋರಿಸಿ, "ಆಸಿಡ್ ಅಲ್ಲ ಅಮ್ಮ. ಕಾಂಡ ಕೊರಿಯೋ ಹುಳ ಬಿದ್ದೈತೆ. ಒಳಗೆಲ್ಲ ತಿಂದಿರ್ತದೆ" ಎಂದಳು.

"ಹಂಗಾದ್ರೆ ಉಳಿಯೋದಿಲ್ವಾ ಇದು?" ಎಂದು ಕೇಳಿದಳು ವರದಮ್ಮ.

"ನೋಡಾಣ ಅಮ್ಮ."

ಮರಳಿ ಬರುವಾಗ ದಾರಿಯುದ್ದಕ್ಕೂ ಕನ್ನಪ್ಪ ಅವಳಿಗೆ ಕೃತಜ್ಞತೆ ಹೇಳುತ್ತಲೇ ಬಂದ. ಅಷ್ಟು ಕಷ್ಟದ ದಾರಿಯನ್ನು ತಾನು ಎಂದೂ ನಡೆದದ್ದಿಲ್ಲ ಎಂದು ಜಲಜಮ್ಮ ನನಗೆ ಹೇಳಿದಳು. ತಾನು ಮಾಡಿದ್ದಕ್ಕೆ ಇನ್ನೊಬ್ಬ ಬೈಸಿಕೊಳ್ಳುತ್ತಿದ್ದಾನೆ, ಅವನೇ ತನಗೆ ಕೈ ಮುಗಿಯುತ್ತಿದ್ದಾನೆ.

ಆ ಸುಳ್ಳು ಒಂದು ತಿಂಗಳೂ ಬಾಳಲಿಲ್ಲ. ಶ್ಯಾಮ ಹೆಗಡೆಯವರು ಮೇ ಕೊನೆಗೆ ತೋಟಗಾರಿಕೆಯ ಕಿರಣ್ ಎಂಬ ಅಧಿಕಾರಿಯನ್ನು ಕರೆಸಿದರು. ಜಲಜಮ್ಮನಿಗೂ ಹೇಳಿಕಳಿಸಿದರು, ಕನ್ನಪ್ಪ ತಾನಾಗಿಯೇ ಬಂದ. ಕಿರಣ್ ಪೊಟರೆಯೊಳಗೆ ತಂತಿ ಹಾಕಿ ನೋಡಿದರು, ತೊಗಟೆ ಬಡಿದು ನೋಡಿದರು. "ಹುಳ ಇಲ್ಲ. ಹುಳ ಇದ್ರೆ ಹಿಟ್ಟು ಉದುರಬೇಕು, ತೂತು ಕಾಣಬೇಕು. ಇದು ಬೇರಿನ ಸಮಸ್ಯೆ. ಬುಡಕ್ಕೆ ಯಾರೋ ಏನೋ ಮಾಡಿರಬೇಕು" ಎಂದರು.

ಎಲ್ಲರೂ ಕನ್ನಪ್ಪನ ಕಡೆ ನೋಡಿದರು. ಕನ್ನಪ್ಪ ಜಲಜಮ್ಮನ ಕಡೆ ನೋಡಿದ. ಅವನ ನೋಟದಲ್ಲಿ ಸಂಶಯವೇನೂ ಇರಲಿಲ್ಲ. ಇನ್ನೊಂದು ಸಲ ನನ್ನ ಪರವಾಗಿ ಮಾತಾಡಿ ಎಂಬ ಬೇಡಿಕೆಯಿತ್ತು, ಅಷ್ಟೆ.

"ಅಗೆದು ನೋಡಬೇಕು. ಎಲ್ಲಿಂದ ಶುರು ಮಾಡೋದು" ಎಂದು ಕಿರಣ್ ಬುಡ ನೋಡುತ್ತಿದ್ದರು.

"ಇಲ್ಲಿಂದ" ಎಂದಳು ಜಲಜಮ್ಮ.

ಅಲ್ಲಿದ್ದ ಗುದ್ದಲಿ ಕೈಗೆ ತೆಗೆದುಕೊಂಡು ಅವಳೇ ಗೋಡು ಎಳೆದಳು. ಮೊಳದಾಳ ಹೋದ ಮೇಲೆ ಗುದ್ದಲಿ ಬದಿಗಿಟ್ಟು ಕೈಯಿಂದ ಬಳಿದಳು. ಉಂಗುರ ಕಂಡಿತು. ಅದರ ಮೇಲಂಚಿನಲ್ಲಿ ತೊಗಟೆ ತುಟಿಯ ಹಾಗೆ ಊದಿ ನಿಂತಿತ್ತು. ಇಳಿದು ಬಂದ ಊಟವೆಲ್ಲ ದಾರಿ ಸಿಗದೆ ಅಲ್ಲಿ ಗಟ್ಟಿಯಾಗಿತ್ತು. ಕೆಳಗಂಚು ಕಪ್ಪಾಗಿ ಒಣಗಿತ್ತು.

"ಇದು ನನ್ ಕೆಲ್ಸ" ಎಂದಳು. "ನೀವು ತೀರ್ಥಹಳ್ಳಿ ಮದುವಿಗೆ ಹೋದ ದಿನ ಮಾಡ್ದೆ. ಕನ್ನಪ್ಪಂಗೆ ಏನೂ ಗೊತ್ತಿಲ್ಲ. ಹುಳ ಅಂದಿದ್ದೂ ಸುಳ್ಳು."

ಕನ್ನಪ್ಪ ಹೆಗಲ ಮೇಲಿದ್ದ ಟವೆಲು ತೆಗೆದು ಮುಖ ಒರೆಸಿಕೊಂಡ, ಆಮೇಲೆ ಹೊಳೆಯ ದಂಡೆ ಹಿಡಿದು ನಡೆದುಹೋದ. ಹಿಂದಿರುಗಿ ನೋಡಲಿಲ್ಲ.

"ಎಂತಕ್ಕೆ ಜಲಜಾ?" ಎಂದಳು ವರದಮ್ಮ. ಅವಳ ಮನೆಮಾತು ಅವಳಿಗೇ ಗೊತ್ತಿಲ್ಲದೆ ಬಂದಿತ್ತು. "ನಾನು ಅವತ್ತು ಆಡಿದ ಒಂದು ಮಾತಿಗಾ?"

"ನಿಮ್ಮ ಮಾತಿಗೆ ಅಲ್ಲ ಅಮ್ಮ. ನನ್ನ ಸಿಟ್ಟಿಗೆ."

ಕಿರಣ್ ಆಗಲೇ ಮಂಡಿಯೂರಿ ಉಂಗುರದ ಗುಂಟ ಬೆರಳಾಡಿಸುತ್ತಿದ್ದರು. ಹೊಳೆಯ ಕಡೆಗೆ ಎರಡು ದಪ್ಪ ಬೇರುಗಳು ಕೂಡುವ ಸಂದಿಯಲ್ಲಿ ಅವರ ಕೈ ನಿಂತಿತು. ಅಲ್ಲಿ ಎರಡು ಬೆರಳಗಲ ತೊಗಟೆ ಕಡಿಯದೆ ಉಳಿದಿತ್ತು, ಹಸಿಯಾಗಿತ್ತು. "ಇದೊಂದು ಪಟ್ಟಿಯಿಂದ ಇಷ್ಟು ದಿನ ಬದುಕಿದೆ" ಎಂದರು. ಆಮೇಲೆ ಮೆತ್ತಗೆ ಕೇಳಿದರು, "ಇದನ್ನ ಬೇಕೂಂತಲೇ ಬಿಟ್ರಾ?"

ವರದಮ್ಮನೂ ತಲೆಯೆತ್ತಿದಳು. ಹೌದು ಎಂದುಬಿಟ್ಟಿದ್ದರೆ ಅಲ್ಲಿದ್ದವರ ಮನಸ್ಸು ಒಂದಿಷ್ಟು ಕರಗುತ್ತಿತ್ತೇನೋ.

"ಇಲ್ಲ ಸಾರ್. ಸಂದಿಗೆ ನನ್ನ ಕೈ ಹೋಗ್ಲಿಲ್ಲ" ಎಂದಳು ಜಲಜಮ್ಮ.

ಸೇತುವೆ ಕಸಿಯ ಕಾಲ ಮೀರಿತ್ತು. ಕೆಳಗಿನ ತೊಗಟೆಯೇ ಸತ್ತಿತ್ತು. ಇನ್ನೊಂದು ದಾರಿ ಇದೆ ಎಂದರು ಕಿರಣ್: ಬುಡದ ಸುತ್ತ ಹೊಸ ಮಾವಿನ ಗಿಡಗಳನ್ನು ನೆಟ್ಟು, ಅವುಗಳ ತಲೆ ಕೊಯ್ದು ಮುದಿಮರದ ತೊಗಟೆಯೊಳಗೆ ಸೇರಿಸುವುದು. ಹಿಡಿದರೆ ಆ ಗಿಡಗಳ ಬೇರು ಮರಕ್ಕೆ ನೀರು ಕೊಡುತ್ತದೆ, ಮರ ಅವಕ್ಕೆ ಊಟ ಕೊಡುತ್ತದೆ. "ಮಾಡಿಸಿ. ಆದ್ರೆ ಇವಳ ಕೈಲಿ ಬೇಡ" ಎಂದು ವರದಮ್ಮ ಮನೆಗೆ ನಡೆದಳು.

ಸುದ್ದಿ ಸಾಗರಕ್ಕೂ ಹೋಯಿತು. ಸುಷ್ಮಾ ಫೋನು ಮಾಡಿ "ಅಮ್ಮ, ಊರಲ್ಲಿ ಹೇಳ್ತಿರೋದು ನಿಜನಾ?" ಎಂದಳು. "ನಿಜ" ಎಂದಳು ಜಲಜಮ್ಮ. ಸುಷ್ಮಾ "ಊಟ ಮಾಡಿದ್ಯಾ?" ಎಂದಷ್ಟೇ ಕೇಳಿ ಇಟ್ಟಳು. ಮಾಸ್ತಪ್ಪ ಹೆಂಡತಿಗೆ ಬೈಯಲಿಲ್ಲ. "ಕೈ ಸುಟ್ಟಿದ್ದು ನೋಡ್ದಾಗ್ಲೇ ನಾನು ಬಿಡದೆ ಕೇಳ್ಬೇಕಿತ್ತು" ಎಂದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ನಾಲ್ಕನೇ ದಿನ ಶ್ಯಾಮ ಹೆಗಡೆಯವರು ಬಂದು ದಣಪೆಯಾಚೆಯೇ ನಿಂತರು. ಕಿರಣ್‌ಗೆ ವಿಧಾನ ಗೊತ್ತು, ಕೈ ಅಷ್ಟು ಪಳಗಿಲ್ಲ. ಮಳೆ ಬಂದಾಗಿದೆ, ಇನ್ನು ತಡಮಾಡುವ ಹಾಗಿಲ್ಲ. "ಅವಳು ಒಪ್ಪಿದ್ದಾಳೆ. ಬಂದು ಮಾಡಿಕೊಡು" ಎಂದರು.

ಜಲಜಮ್ಮ ಹೆಬ್ಬೆರಳು ದಪ್ಪದ ಹದಿನಾಲ್ಕು ಗಿಡ ಆರಿಸಿದಳು. ಮಾಸ್ತಪ್ಪ ಗುಂಡಿ ತೆಗೆದ. ಸಣ್ಣ ಮಳೆಯಲ್ಲಿ ಎರಡು ದಿನ ಅವಳು ಆ ಬುಡದಲ್ಲಿ ಮೊಣಕಾಲೂರಿ ಕೆಲಸ ಮಾಡಿದಳು. ಗಿಡದ ತಲೆಯನ್ನು ಓರೆಯಾಗಿ ಕೊಯ್ದು, ಮರದ ತೊಗಟೆಯಲ್ಲಿ ಅಷ್ಟೇ ಅಗಲದ ಬಾಯಿ ತೆರೆದು, ಕೂರಿಸಿ, ಸಣ್ಣ ಮೊಳೆ ಹೊಡೆದು, ಸೆಣಬಿನ ಹಗ್ಗ ಬಿಗಿದು, ಸೆಗಣಿ ಮಣ್ಣು ಮೆತ್ತಿದಳು. ವರದಮ್ಮ ಕೊಡೆ ಹಿಡಿದು ಹತ್ತು ಮಾರು ದೂರದಲ್ಲಿ ನಿಂತಿದ್ದಳು. ಎರಡೂ ದಿನ ನಿಂತಿದ್ದಳು.

ಹದಿನಾಲ್ಕರಲ್ಲಿ ಐದು ಹಿಡಿದವು. ಅವಳ ಜೀವಮಾನದಲ್ಲಿ ಅಷ್ಟು ಕಡಿಮೆ ಎಂದೂ ಹಿಡಿದಿರಲಿಲ್ಲ. ಹೊಳೆಯ ಕಡೆಯ ಎರಡು ಕೊಂಬೆ ಉಳಿದವು, ಉಳಿದ ಮರ ಒಣಗಿತು. ಸತ್ತ ಕೊಂಬೆ ಕಡಿಯಲು ಕನ್ನಪ್ಪ ಒಪ್ಪಲಿಲ್ಲ. ಮೇಗರವಳ್ಳಿಯ ಕಡೆಯಿಂದ ಜನ ಬಂದು ಕಡಿದರು. ಈ ವರ್ಷ ಆ ಎರಡು ಕೊಂಬೆಯಲ್ಲಿ ಒಂದು ಬುಟ್ಟಿ ಮಿಡಿಯಾಯಿತು. ವರದಮ್ಮ ಅದನ್ನು ಮಾರಲಿಲ್ಲವಂತೆ. ದಾರಿಯಲ್ಲಿ ಸಿಕ್ಕಿದರೆ ಅವಳು ಜಲಜಮ್ಮನನ್ನು ಮಾತಾಡಿಸುತ್ತಾಳೆ, ಮಳೆಯ ಬಗ್ಗೆ, ಬಸ್ಸಿನ ಬಗ್ಗೆ. ಮನೆಗೆ ಬಾ ಎನ್ನುವುದಿಲ್ಲ.

ಗಿಡ ಕೇಳಿಕೊಂಡು ಬರುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಕಿರಣ್ ಮಾತ್ರ ತರಬೇತಿಗೆ ಅವಳನ್ನೇ ಕರೆಯುತ್ತಾರೆ. ಅಂಥ ಒಂದು ತರಬೇತಿಯಲ್ಲೇ ನಾನು ಅವಳನ್ನು ಮೊದಲು ನೋಡಿದ್ದು. ನೀರು ಹತ್ತುವ ದಾರಿ, ಊಟ ಇಳಿಯುವ ದಾರಿ ಎರಡನ್ನೂ ತೋರಿಸಿದ ಮೇಲೆ ಅವಳು, "ಇಳಿಯೋ ದಾರಿ ಕಡಿದ್ರೆ ಮರ ಎರಡು ವರ್ಷ ಹಸಿರಾಗೇ ಇರ್ತದೆ. ನಾನು ಹಂಗೆ ಒಂದು ಮರ ಕೊಂದೀನಿ. ಬೇರೆಯವ್ರದ್ದು" ಎಂದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಅವಳು ತಲೆ ತಗ್ಗಿಸಿ ಚಾಕು ಒರೆಸುತ್ತಿದ್ದಳು. ಪ್ರತಿ ತರಬೇತಿಯಲ್ಲೂ ಹೇಳುತ್ತಾಳಂತೆ, ಪ್ರತಿ ಸಲವೂ ಹಾಗೇ ತಲೆ ತಗ್ಗುತ್ತದಂತೆ.

ಕನ್ನಪ್ಪನಿಗೆ ಮತ್ತೆ ಕೆಲಸ ಸಿಕ್ಕಿತು. ಜನ ತಾವು ಅಂದದ್ದನ್ನು ಮರೆತುಬಿಟ್ಟರು. ಜಲಜಮ್ಮ ಅವನ ಮನೆಗೆ ಹೋಗಿ ತಪ್ಪಾಯಿತು ಎಂದಳು. ಅವನು ಜಗಳ ತೆಗೆಯಲಿಲ್ಲ. "ಆಗಿದ್ದು ಆತು" ಎಂದು ಮಣೆ ಹಾಕಿ ಕೂರಿಸಿ, ಹೆಂಡತಿಯಿಂದ ಚಹಾ ಕೊಡಿಸಿದ.

ಹೋದ ಮಾರ್ಚಿನಲ್ಲಿ ಅವಳು ರಿಪ್ಪನ್‌ಪೇಟೆಯಿಂದ ಬಸ್ಸು ಹತ್ತಿದಳು. ಬಸ್ಸು ತುಂಬಿತ್ತು. ಮುಂದಿನ ಸೀಟಿನಲ್ಲಿ ಕನ್ನಪ್ಪ ಕೂತಿದ್ದ, ಕಾಲ ಬಳಿ ಮಿಡಿಯ ಚೀಲ. ಅವಳನ್ನು ಕಂಡದ್ದೇ ಎದ್ದು ನಿಂತ.

"ಕೂತ್ಕಳಿ ಜಲಜಮ್ಮೋರೆ" ಎಂದ.

ಇಪ್ಪತ್ತೈದು ವರ್ಷ ಅತ್ಗೆ ಎಂದು ಕರೆದವನು ಈಗ ಅವಳನ್ನು ಹೀಗೆ, ಮರ್ಯಾದೆ ಕೊಟ್ಟು ಕರೆಯುತ್ತಾನೆ. ಅವಳು ಬೇಡ ಎಂದಳು. ಅವನು ಆಗಲೇ ಸೀಟು ಬಿಟ್ಟು ಬಾಗಿಲ ಹತ್ತಿರ ಹೋಗಿದ್ದ. ಜಲಜಮ್ಮ ಕೂತಳು. ಊರು ಬರುವವರೆಗೂ ಅವನು ಕಂಬಿ ಹಿಡಿದು ಹೊರಗೆ ನೋಡುತ್ತ ನಿಂತಿದ್ದ; ಅವಳು ಮಡಿಲಲ್ಲಿಟ್ಟುಕೊಂಡ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.